ಮಗಳ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್‌ಗೆ ಯಾಕೆ ಕಾಯಬೇಕು?

ಪ್ರಶ್ನೆ: ನಾವು ಪಾಂಡವಪುರ ತಾಲ್ಲೂಕಿನ ಹಳ್ಳಿಯವರು. ಮಗಳಿಗೆ 7 ವರ್ಷ. ಮೂರು ವರ್ಷದವಳಿದ್ದಾಗ ಮಂಡಿ ಊದಿಕೊಂಡಿತ್ತು, ಮಕ್ಕಳ ಸಂಧಿವಾತ ಅಂದರು. ಔಷಧಿಯಿಂದ ಮಂಡಿ ಸರಿಹೋಯಿತು. ಹೋದ ವರ್ಷ ಶಾಲೆಗೆ ಬಂದವರು ಕಣ್ಣು ಪರೀಕ್ಷೆ ಮಾಡಿದಾಗ ಎಡಗಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಗೊತ್ತಾಯಿತು. ಯುವಿಯೈಟಿಸ್ ಅಂತೆ. ಒಂದು ದಿನವೂ ಅವಳ ಕಣ್ಣು ಕೆಂಪಾಗಿಲ್ಲ, ನೋವು ಅಂದಿಲ್ಲ. ಈಗ ಆ ಕಣ್ಣಿಗೆ ಪೊರೆ ಬಂದಿದೆ. ಮೈಸೂರಿನ ಡಾಕ್ಟರು ಇನ್ನೂ ಮೂರು ತಿಂಗಳು ಕಾಯಬೇಕು ಅಂತಾರೆ. ಲೆನ್ಸ್ ಹಾಕುವುದೋ ಬೇಡವೋ ಆಮೇಲೆ ನೋಡೋಣ ಅಂತಾರೆ. ನಮ್ಮ ಅತ್ತೆಗೆ ಕ್ಯಾಂಪಿನಲ್ಲಿ ಪೊರೆ ತೆಗೆದು ಮರುದಿನವೇ ಮನೆಗೆ ಕಳಿಸಿದ್ದರು. "ಮಗೀಗೆ ಯಾಕೆ ಸತಾಯಿಸ್ತಾರೆ" ಅಂತ ಅವರು ದಿನಾ ಕೇಳ್ತಾರೆ. ಸಂಧಿವಾತದ ಮಾತ್ರೆಯನ್ನು ಆಪರೇಷನ್‌ಗೆ ಮುಂಚೆ ನಿಲ್ಲಿಸಬೇಕಾ? ಲೆನ್ಸ್ ಹಾಕದಿದ್ದರೆ ಮಗು ಜೀವನಪೂರ್ತಿ ಸೋಡಾಬುಡ್ಡಿ ಕನ್ನಡಕ ಹಾಕಬೇಕಾ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತಿಗೇ ಬರುತ್ತೇನೆ. ಅವರು ತಮ್ಮ ಕಣ್ಣಿಗೆ ಆದದ್ದನ್ನು ಹೇಳುತ್ತಿದ್ದಾರೆ, ಅದರಲ್ಲಿ ಸುಳ್ಳೇನಿಲ್ಲ. ವಯಸ್ಸಾದವರಿಗೆ ಪೊರೆ ಬರುವುದು ತಲೆಕೂದಲು ನರೆತ ಹಾಗೆ. ಕಣ್ಣಿನ ಒಳಗೆ ಬೇರೆ ಗಲಾಟೆ ಇರುವುದಿಲ್ಲ. ಮಬ್ಬಾದ ಲೆನ್ಸ್ ತೆಗೆದು ಹೊಸದನ್ನು ಇಟ್ಟರೆ ಕಣ್ಣು ಸುಮ್ಮನೆ ಒಪ್ಪಿಕೊಳ್ಳುತ್ತದೆ. ನಿಮ್ಮ ಮಗಳ ಕಣ್ಣಿನಲ್ಲಿ ಆ ಗಲಾಟೆಯೇ ಮೂಲ ಕಾಯಿಲೆ. ಒಳಗೆ ಉರಿಯೂತ ಇದೆ, ಯುವಿಯೈಟಿಸ್ ಅಂದರೆ ಅದೇ. ಪೊರೆ ಅದರ ಹಿಂದೆ ಬಂದದ್ದು. ಉರಿಯುತ್ತಿರುವ ಕಣ್ಣಿಗೆ ಬ್ಲೇಡ್ ತಾಗಿಸಿದರೆ ಉರಿ ಹತ್ತು ಪಟ್ಟಾಗಿ ಏಳುತ್ತದೆ. ಆಗ ಪೊರೆ ತೆಗೆದ ಜಾಗದಲ್ಲೇ ಹೊಸದೊಂದು ಪರದೆ ಬೆಳೆದುಬಿಡಬಹುದು.

"ಕಣ್ಣು ಬೆಳ್ಳಗೇ ಇದೆಯಲ್ಲ, ಉರಿ ಎಲ್ಲಿಂದ ಬಂತು?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಮಕ್ಕಳ ಸಂಧಿವಾತದ ಜೊತೆ ಬರುವ ಯುವಿಯೈಟಿಸ್‌ನ ದೊಡ್ಡ ಮೋಸ ಇದೇ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ. ಕೆಂಪಿಲ್ಲ, ನೋವಿಲ್ಲ, ನೀರು ಸುರಿಯುವುದಿಲ್ಲ. ಮಗು ಆಡಿಕೊಂಡಿರುತ್ತದೆ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಕಾಣದಿರುವುದು ಮಗುವಿಗೂ ಗೊತ್ತಾಗುವುದಿಲ್ಲ. ಮಂಡಿಯ ಊತಕ್ಕೂ ಕಣ್ಣಿನ ಉರಿಗೂ ತಾಳೆ ಇರಬೇಕು ಎಂದೇನಿಲ್ಲ. ಕೀಲು ಪೂರ್ತಿ ಸರಿಹೋಗಿ ಓಡಾಡುವ ಮಗುವಿನ ಕಣ್ಣು ಒಳಗೊಳಗೇ ಹಾಳಾಗುತ್ತಿರಬಹುದು. ಕೆಲವರಲ್ಲಿ ಕೀಲು ಊದುವುದಕ್ಕೆ ಮುಂಚೆಯೇ ಕಣ್ಣಿಗೆ ಬಂದಿರುತ್ತದೆ.

16 ವರ್ಷದೊಳಗೆ ಶುರುವಾಗಿ, ಬೇರೆ ಕಾರಣ ಸಿಗದೆ, 6 ವಾರಕ್ಕಿಂತ ಜಾಸ್ತಿ ಉಳಿಯುವ ಕೀಲು ಊತವನ್ನು ಮಕ್ಕಳ ಸಂಧಿವಾತ ಅನ್ನುತ್ತೇವೆ. ಅದರಲ್ಲೂ ಚಿಕ್ಕ ವಯಸ್ಸಿಗೇ ಬಂದ ಹೆಣ್ಣುಮಕ್ಕಳು, ನಾಲ್ಕಕ್ಕಿಂತ ಜಾಸ್ತಿ ಕೀಲು ಊದದವರು, ರಕ್ತದಲ್ಲಿ ಎಎನ್‌ಎ ಪರೀಕ್ಷೆ ಪಾಸಿಟಿವ್ ಬಂದವರು, ಇವರಿಗೆ ಕಣ್ಣಿನ ತೊಂದರೆಯ ಸಾಧ್ಯತೆ ಹೆಚ್ಚು. ಇಂಥ ಮಕ್ಕಳ ಕಣ್ಣನ್ನು ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಎಂಬ ಕಣ್ಣು ನೋಡುವ ಯಂತ್ರದಲ್ಲಿ ನೋಡಲೇಬೇಕು. ನಿಮ್ಮ ಮಗಳ ಮಂಡಿ ನೋಡಿದಾಗ ಈ ಮಾತನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲವೇನೋ. ಈಗ ಅದನ್ನು ಕೆದಕಿ ಪ್ರಯೋಜನವಿಲ್ಲ. ಶಾಲೆಯ ತಪಾಸಣೆಯಲ್ಲಿ ಸಿಕ್ಕಿತಲ್ಲ, ಅದೇ ಪುಣ್ಯ. ಅಂಗನವಾಡಿ ಮತ್ತು ಶಾಲೆ ಮಕ್ಕಳನ್ನು ಹೀಗೆ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಊರಿನಲ್ಲಿ ಅದನ್ನು ಸುಮ್ನೆ ಲೆಕ್ಕಕ್ಕೆ ಮಾಡ್ತಾರೆ ಅಂತ ಗೊಣಗುವವರಿಗೆ ನಿಮ್ಮ ಮಗಳ ವಿಷಯ ಹೇಳಿ.

ಪೊರೆ ಯಾಕೆ ಬಂತು? ಎರಡು ಕಡೆಯಿಂದ. ಉರಿಯೂತ ತಾನೇ ಲೆನ್ಸನ್ನು ಮಬ್ಬು ಮಾಡುತ್ತದೆ. ಪಾಪೆಯ ಸುತ್ತ ಇರುವ ಬಣ್ಣದ ಪರದೆ ಹಿಂದಿನ ಲೆನ್ಸಿಗೆ ಅಂಟಿಕೊಂಡು ಪಾಪೆ ಅಂಕುಡೊಂಕಾಗುತ್ತದೆ. ಉರಿಯೂತ ಇಳಿಸಲು ಹಾಕುವ ಸ್ಟೀರಾಯ್ಡ್ ಡ್ರಾಪ್ಸ್ ಕೂಡ ಜಾಸ್ತಿ ದಿನ, ಜಾಸ್ತಿ ಸಲ ಹಾಕಿದರೆ ಪೊರೆ ತರುತ್ತದೆ. ದಿನಕ್ಕೆ ಮೂರು ಹನಿಗಿಂತ ಮೇಲೆ ತಿಂಗಳುಗಟ್ಟಲೆ ಹಾಕುವ ಮಕ್ಕಳಲ್ಲಿ ಈ ಅಪಾಯ ಏರುತ್ತದೆ. ಇದನ್ನು ಕೇಳಿದ ತಾಯಂದಿರು ಮನೆಗೆ ಹೋಗಿ ಡ್ರಾಪ್ಸ್ ಎಸೆದುಬಿಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಪೊರೆಯನ್ನು ತೆಗೆಯಬಹುದು. ಉರಿಯೂತ ಹಾಳು ಮಾಡಿದ ನರವನ್ನು ಹೊಸದಾಗಿ ತಂದು ಇಡಲು ಆಗುವುದಿಲ್ಲ. ಡ್ರಾಪ್ಸನ್ನು ಕಡಿಮೆ ಮಾಡುವ ದಾರಿ ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಈಗ ಆ ಮೂರು ತಿಂಗಳ ವಿಷಯ.

ನಿಮ್ಮ ಹಳ್ಳಿಯ ಹೆಂಚಿನ ಮನೆಯಲ್ಲಿ ಬೆಳಿಗ್ಗೆ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವುದನ್ನು ನೋಡಿದ್ದೀರಿ. ಆ ಕೋಲಿನಲ್ಲಿ ಮಾತ್ರ ಧೂಳಿನ ಕಣ ಹಾರಾಡುವುದು ಕಾಣುತ್ತದೆ, ಅಲ್ವಾ? ಸ್ಲಿಟ್ ಲ್ಯಾಂಪ್ ಕೂಡ ಅಷ್ಟೇ. ಸಣ್ಣ ಬೆಳಕಿನ ಕೋಲನ್ನು ಕಣ್ಣಿನ ಒಳಗೆ ಬಿಟ್ಟು, ಅದರಲ್ಲಿ ತೇಲುವ ಬಿಳಿ ರಕ್ತಕಣಗಳನ್ನು ಎಣಿಸುತ್ತೇವೆ. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಬೆಳಕಿನಲ್ಲಿ ಎಷ್ಟು ಕಣ ಎಂಬುದರ ಮೇಲೆ ಗ್ರೇಡ್ ಹಾಕುತ್ತೇವೆ. ಒಂದೂ ಕಾಣದಿದ್ದರೆ ಸೊನ್ನೆ. 1ರಿಂದ 5 ಇದ್ದರೆ ಅರ್ಧ. 6ರಿಂದ 15 ಇದ್ದರೆ ಒಂದು. ಹೀಗೆ ಏರುತ್ತದೆ. ಲೋಕದ ಎಲ್ಲ ಕಡೆಯ ಕಣ್ಣಿನ ಡಾಕ್ಟರುಗಳು ಒಂದೇ ಲೆಕ್ಕ ಹೇಳಲಿ ಎಂದು 2005ರಲ್ಲಿ ಈ ಅಳತೆ ಪ್ರಕಟವಾಯಿತು. ನಿಮ್ಮ ಚೀಟಿಯಲ್ಲಿ 'ಸೆಲ್ಸ್' ಎಂದು ಬರೆದು ಪಕ್ಕದಲ್ಲಿ ಒಂದು ಅಂಕೆ ಇರುತ್ತದೆ, ನೋಡಿ. ಅದು ಸತತವಾಗಿ ಮೂರು ತಿಂಗಳಾದರೂ ಸೊನ್ನೆ ಅಥವಾ ಸೊನ್ನೆಯ ಹತ್ತಿರ ಇರಬೇಕು. ಅದೂ ಹನಿಗಳನ್ನು ಕಡಿಮೆ ಮಾಡಿದ ಮೇಲೂ ಹಾಗೇ ಇರಬೇಕು. ದಿನಕ್ಕೆ ಎಂಟು ಹನಿ ಹಾಕಿ ಸೊನ್ನೆ ತಂದರೆ ಅದು ಬೂದಿಯನ್ನು ದಪ್ಪ ಮಾಡಿದ ಹಾಗೆ.

ಒಂದು ವಾರ ಕಣ ಕಾಣದಿದ್ದರೆ ಸಾಲದಾ ಎಂದರೆ, ಸಾಲದು. ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗನಿಗೆ ಅವಸರ ಮಾಡಿದ್ದೆ. ಪರೀಕ್ಷೆಗೆ ಮುಂಚೆ ಆಗಲಿ ಎಂದು ಮನೆಯವರು ಪಟ್ಟು ಹಿಡಿದಿದ್ದರು. ಕಣ್ಣು ಮೂರೇ ವಾರ ಶಾಂತವಾಗಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಮೊದಲ ದಿನ ಹುಡುಗ ಗೋಡೆಯ ಗಡಿಯಾರ ಓದಿದ. ಹತ್ತನೇ ದಿನ ಪಾಪೆಯ ತುಂಬ ಜೇಡರ ಬಲೆಯಂಥ ಪರದೆ ಕಟ್ಟಿತ್ತು. ಆಮೇಲೆ ಎರಡು ಸಲ ಮತ್ತೆ ಥಿಯೇಟರಿಗೆ ಕರೆದೊಯ್ಯಬೇಕಾಯಿತು. ಮನೆಯವರು ಪಟ್ಟು ಹಿಡಿದರು ಅನ್ನುವುದು ನೆಪ. ಒಪ್ಪಿಕೊಂಡವನು ನಾನು. ಅಂದಿನಿಂದ "ಬೇಗ ಮಾಡಿ" ಅಂದವರಿಗೆ ನಾನು ಕೊಡುವ ಉತ್ತರ ಬದಲಾಗಿಲ್ಲ. ತಾರೀಖನ್ನು ಪೊರೆಯ ದಪ್ಪ ನೋಡಿ ಹೇಳುವುದಿಲ್ಲ, ಕಣ್ಣಿನ ಶಾಂತಿ ನೋಡಿ ಹೇಳುತ್ತೇನೆ.

ಈ ಮೂರು ತಿಂಗಳು ಕೈಕಟ್ಟಿ ಕೂರುವ ಕಾಲವೂ ಅಲ್ಲ. ಮಂಡಿಗೆ ಕೊಡುತ್ತಿರುವ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ಇದೆಯಲ್ಲ, ಅದೇ ಕಣ್ಣಿಗೂ ಮುಖ್ಯ ಔಷಧಿ, ಡ್ರಾಪ್ಸ್ ಕಡಿಮೆ ಮಾಡುವ ದಾರಿಯೂ ಅದೇ. ಅದನ್ನು ಆಪರೇಷನ್‌ಗೆ ಮುಂಚೆ ನಿಲ್ಲಿಸಬಾರದು. ಇದು ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ. ಆಪರೇಷನ್ ವಾರದಲ್ಲಿ ಜ್ವರವೋ ಸೋಂಕೋ ಬಂದರೆ ಆ ವಾರದ ಮಾತು ಬೇರೆ, ಡಾಕ್ಟರನ್ನು ಕೇಳಿ. ಇದು ವಾರಕ್ಕೆ ಒಂದೇ ದಿನ ಕೊಡುವ ಔಷಧಿ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಭಾನುವಾರ ಎಂದು ಗೊತ್ತು ಮಾಡಿಕೊಂಡು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಬ್ಬಿಯನ್ನು ಅಜ್ಜಿಯ ಬಿಪಿ ಮಾತ್ರೆಗಳಿಂದ ದೂರ ಇಡಿ. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ ಇರುತ್ತದೆ. ಆಗಾಗ ರಕ್ತಕಣ ಮತ್ತು ಲಿವರ್ ಪರೀಕ್ಷೆ ಮಾಡಿಸುತ್ತಾರೆ, ತಪ್ಪಿಸಬೇಡಿ. ಕೆಲವು ಮಕ್ಕಳಿಗೆ ಆ ಹಳದಿ ಬಣ್ಣ ಕಂಡರೇ ವಾಂತಿ ಬರುತ್ತದೆ. ಗದರಿ ಪ್ರಯೋಜನವಿಲ್ಲ. ಚರ್ಮದಡಿ ಕೊಡುವ ಇಂಜೆಕ್ಷನ್ ರೂಪವೂ ಇದೆ, ಕೇಳಿ.

ಮೆಥೊಟ್ರೆಕ್ಸೇಟ್ ಕೆಲಸ ಶುರು ಮಾಡಲು ಎರಡು-ಮೂರು ತಿಂಗಳು ಬೇಕು. ಆದ ಮೇಲೂ ಕಣಗಳು ಇಳಿಯದಿದ್ದರೆ, ಅಥವಾ ಹನಿ ಕಡಿಮೆ ಮಾಡಿದ ಕೂಡಲೇ ಏರಿದರೆ, ಅಡಾಲಿಮುಮಾಬ್ ಎಂಬ ಇಂಜೆಕ್ಷನ್ ಸೇರಿಸುತ್ತೇವೆ. ಎರಡು ವಾರಕ್ಕೊಮ್ಮೆ. 30 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ 20 ಮಿಲಿಗ್ರಾಂ, ಮೇಲಿದ್ದರೆ 40. ಬ್ರಿಟನ್ನಿನಲ್ಲಿ ಇಂಥದೇ 90 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮೆಥೊಟ್ರೆಕ್ಸೇಟ್ ಜೊತೆ ಈ ಇಂಜೆಕ್ಷನ್ ಪಡೆದವರಲ್ಲಿ ಚಿಕಿತ್ಸೆ ಸೋತದ್ದು ನೂರಕ್ಕೆ 27 ಮಕ್ಕಳಲ್ಲಿ. ಇಂಜೆಕ್ಷನ್ ಇಲ್ಲದವರಲ್ಲಿ ನೂರಕ್ಕೆ 60. ನಮ್ಮ ಕೆಲಸವನ್ನು ಅದು ನಿಜಕ್ಕೂ ಬದಲಿಸಿತು. 2014ರ ಕೊನೆಯಿಂದ ಭಾರತದಲ್ಲೇ ತಯಾರಾದ ಅಡಾಲಿಮುಮಾಬ್ ಸಿಗುತ್ತಿದೆ. ಆದರೂ ಇದು ಬಡವರ ಕೈಗೆ ಸುಲಭದ ಖರ್ಚಲ್ಲ.

ಇಂಜೆಕ್ಷನ್‌ಗೆ ಮುಂಚೆ ಟಿಬಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ಮುಂಗೈ ಮೇಲೆ ಸೂಜಿ ಚುಚ್ಚಿ ಎರಡು-ಮೂರು ದಿನದ ಮೇಲೆ ನೋಡುವ ಮಾಂಟೂ ಪರೀಕ್ಷೆ, ಎದೆಯ ಎಕ್ಸ್‌ರೇ. ಮನೆಯಲ್ಲಿ ಯಾರಿಗಾದರೂ ಹಳೇ ಕೆಮ್ಮು, ಟಿಬಿ ಔಷಧಿ ತಿಂದ ಇತಿಹಾಸ ಇದ್ದರೆ ಮುಚ್ಚಿಡಬೇಡಿ. ನಿದ್ದೆ ಮಾಡುತ್ತಿರುವ ಟಿಬಿಯನ್ನು ಈ ಔಷಧಿ ಎಬ್ಬಿಸಬಹುದು. ನಮ್ಮ ದೇಶದಲ್ಲಿ ಕಣ್ಣಿನ ಉರಿಯೂತಕ್ಕೆ ಟಿಬಿಯೇ ಕಾರಣವಾಗಿರುವುದೂ ಉಂಟು. ಇನ್ನೊಂದು ಮಾತು. ಈ ಔಷಧಿಗಳ ಮೇಲಿರುವ ಮಗು ಸೀತಾಳೆ ಸಿಡುಬು ಬಂದ ಮನೆಗೆ ಹೋಗಿ ಬಂದಿದ್ದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ. "ಅಮ್ಮ ಬಂದಿದ್ದಾಳೆ" ಎಂದು ಬೇವಿನ ಸೊಪ್ಪು ಕಟ್ಟಿಕೊಳ್ಳಿ, ನನ್ನ ತಕರಾರಿಲ್ಲ, ಫೋನೂ ಮಾಡಿ. ಲಸಿಕೆ ಹಾಕಿಸುವ ಮುಂಚೆಯೂ ಮಗು ಯಾವ ಔಷಧಿಯಲ್ಲಿದೆ ಎಂದು ಹೇಳಿ. ಜೀವಂತ ವೈರಸ್ ಇರುವ ಲಸಿಕೆಗಳು ಆ ಹೊತ್ತಿನಲ್ಲಿ ಆಗುವುದಿಲ್ಲ.

ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ಇವು ಯಾವುದನ್ನೂ ಆ ಕಣ್ಣಿಗೆ ಬಿಡಬೇಡಿ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ನೀವೇ ಡ್ರಾಪ್ಸ್ ತಂದು ಹಾಕುವುದೂ ಬೇಡ.

ಹಾಗಾದರೆ ಎಷ್ಟು ಬೇಕಾದರೂ ಕಾಯಬಹುದಾ? ಇಲ್ಲ. ನೋಡುವುದನ್ನು ಕಲಿಯುವುದು ಮೆದುಳು. ಅದು ಮುಖ್ಯವಾಗಿ ಏಳೆಂಟು ವರ್ಷದೊಳಗೆ ಕಲಿಯುತ್ತದೆ. ಆ ವಯಸ್ಸಿನಲ್ಲಿ ಒಂದು ಕಣ್ಣಿನಿಂದ ಮಬ್ಬು ಚಿತ್ರವೇ ಬರುತ್ತಿದ್ದರೆ ಮೆದುಳು ಆ ಕಣ್ಣನ್ನು ಬಿಟ್ಟುಬಿಡುತ್ತದೆ. ಸೋಮಾರಿ ಕಣ್ಣು ಅನ್ನುವುದು ಇದನ್ನೇ. ಮೂರು ವರ್ಷದ ಮಗುವಿಗೆ ದಟ್ಟ ಪೊರೆ ಬಂದಿದ್ದರೆ ನನಗೆ ಇಷ್ಟು ಪುರುಸೊತ್ತು ಇರುತ್ತಿರಲಿಲ್ಲ. ಸ್ಟೀರಾಯ್ಡನ್ನು ಜೋರಾಗಿ ಕೊಟ್ಟು, ಇಂಜೆಕ್ಷನ್ ಬೇಗ ಶುರು ಮಾಡಿ, ಸ್ವಲ್ಪ ಅಪಾಯ ತೆಗೆದುಕೊಂಡಾದರೂ ಮುಂದೆ ಹೋಗುತ್ತಿದ್ದೆ. ನಿಮ್ಮ ಮಗಳು ಏಳಕ್ಕೆ ಬಂದಿದ್ದಾಳೆ, ಕಣ್ಣಿಗೆ ತೊಂದರೆ ಬಂದದ್ದು ಬಹುಶಃ ಈಚೆಗೆ. ಅವಳಿಗೆ ಮೂರು ತಿಂಗಳು ಕಾಯುವ ಅವಕಾಶ ಇದೆ. ಆರು ತಿಂಗಳು, ವರ್ಷ ಎಂದು ಎಳೆಯುವ ಹಾಗಿಲ್ಲ. "ಕಾಯಿರಿ" ಎಂದ ಡಾಕ್ಟರು ತಿಂಗಳಿಗೊಮ್ಮೆಯಾದರೂ ನೋಡಿ, ಕಣ ಎಣಿಸಿ, ಔಷಧಿ ಬದಲಿಸುತ್ತಿದ್ದರೆ ಅದು ಸರಿಯಾದ ಕಾಯುವಿಕೆ. ಸುಮ್ನೆ ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದರೆ ಇನ್ನೊಬ್ಬರನ್ನು ಕೇಳಿ. ಪೊರೆ ಊದಿಕೊಂಡು ಪ್ರೆಶರ್ ಏರಿಸಿದರೆ, ಅಥವಾ ಪೊರೆಯೇ ಸೋರಿ ಉರಿಯನ್ನು ಹೆಚ್ಚಿಸುತ್ತಿದ್ದರೆ, ಕಾಯದೆ ಮಾಡುವ ಸಂದರ್ಭಗಳೂ ಇವೆ. ಅವು ಅಪರೂಪ.

ಆಪರೇಷನ್‌ಗೆ ಮುಂಚೆ ಕಣ್ಣಿನ ಪ್ರೆಶರ್ ನೋಡುತ್ತೇವೆ. ಜಾಸ್ತಿ ಇದ್ದರೆ ಗ್ಲಾಕೋಮಾ ಭಯ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ. ತೀರಾ ಕಡಿಮೆ ಇದ್ದರೆ ಅದು ಇನ್ನೂ ಕೆಟ್ಟ ಸುದ್ದಿ, ಕಣ್ಣಿನ ನೀರು ತಯಾರಿಸುವ ಭಾಗವೇ ಸೊರಗಿದೆ ಎಂದರ್ಥ. ಪೊರೆ ದಟ್ಟವಾಗಿ ಒಳಗಿನ ರೆಟಿನಾ ಕಾಣದಿದ್ದರೆ ಅಲ್ಟ್ರಾಸೌಂಡ್‌ನಿಂದ ನೋಡುತ್ತೇವೆ. ಕೆಲವು ಮಕ್ಕಳಲ್ಲಿ ಕಣ್ಣಿನ ಮುಂಭಾಗದಲ್ಲಿ ಸುಣ್ಣದ ಪಟ್ಟಿ ಕಟ್ಟಿರುತ್ತದೆ, ಅದನ್ನು ಮೊದಲು ತೆಗೆಯಬೇಕಾಗುತ್ತದೆ.

ಆಪರೇಷನ್ ಹೇಗೆ ಬೇರೆ ಎಂದು ಹೇಳಬೇಕೆಂದರೆ ನಿಮ್ಮ ಜಿಲ್ಲೆಯ ಎಳನೀರನ್ನೇ ನೆನೆಯಿರಿ. ಅತ್ತೆಯವರ ಲೆನ್ಸ್ ಬಲಿತ ಕೊಬ್ಬರಿ. ಅದನ್ನು ಯಂತ್ರದಿಂದ ಪುಡಿ ಮಾಡಿ ತೆಗೆಯಬೇಕು. ಮಗುವಿನದ್ದು ಎಳನೀರಿನ ತೆಳುಗಂಜಿ, ಹಾಗೇ ಹೀರಿ ತೆಗೆಯಬಹುದು. ತೆಗೆಯುವುದು ಸುಲಭ, ಕಷ್ಟ ಇರುವುದು ಬೇರೆ ಕಡೆ. ಮೊದಲು ಅಂಟಿಕೊಂಡ ಪಾಪೆಯನ್ನು ಮೆಲ್ಲಗೆ ಬಿಡಿಸಬೇಕು. ಲೆನ್ಸಿನ ಹಿಂದೆ ಇರುವ ತೆಳು ಚೀಲದ ಗೋಡೆ ಮಕ್ಕಳಲ್ಲಿ ಬಲು ಬೇಗ ಮಬ್ಬಾಗುತ್ತದೆ. ದೊಡ್ಡವರಾದರೆ ಗಲ್ಲ ಇಟ್ಟು ಕೂರಿಸಿ ಐದು ನಿಮಿಷ ಲೇಸರ್ ಹೊಡೆದರೆ ಆಯಿತು. ಚಿಕ್ಕ ಮಗು ಹಾಗೆ ಅಲುಗಾಡದೆ ಕೂರುತ್ತದಾ? ಅದಕ್ಕೇ ಅದೇ ಆಪರೇಷನ್‌ನಲ್ಲಿ ಆ ಗೋಡೆಗೆ ಒಂದು ಕಿಂಡಿ ಮಾಡಿ, ಹಿಂದಿನ ಜೆಲ್ಲಿಯನ್ನೂ ಸ್ವಲ್ಪ ತೆಗೆದುಬಿಡುತ್ತೇವೆ. ಉರಿಯೂತದ ಕಣ್ಣಿನಲ್ಲಿ ಇದು ಇನ್ನೂ ಮುಖ್ಯ. ಪರದೆ ಕಟ್ಟಲು ಆಸರೆ ಸಿಗಬಾರದು.

ಇನ್ನು ಲೆನ್ಸ್. ನಿಮ್ಮ ಭಯ ಎಲ್ಲಿಂದ ಬಂದದ್ದು ಎಂದು ಊಹಿಸಬಲ್ಲೆ. ಡಾ. ಎಂ.ಸಿ. ಮೋದಿಯವರ ಕಣ್ಣಿನ ಕ್ಯಾಂಪುಗಳಲ್ಲಿ ಪೊರೆ ತೆಗೆಸಿಕೊಂಡ ಅಜ್ಜ-ಅಜ್ಜಿಯರು ನಮ್ಮ ಕಡೆ ಊರೂರಲ್ಲಿ ಇದ್ದರು. ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುವ ಕಣ್ಣುಗಳು. ಆ ಕಾಲದಲ್ಲಿ ಪೊರೆ ತೆಗೆದು ಕನ್ನಡಕ ಕೊಡುವುದೇ ಪದ್ಧತಿ. ಸಾವಿರಾರು ಜನ ಅದರಿಂದಲೇ ಮತ್ತೆ ಹೊಲಕ್ಕೆ ಹೋದರು. ಕಣ್ಣಿನ ಒಳಗಿನ ಲೆನ್ಸ್ ಆಗಲೇ ಹುಟ್ಟಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲು ಹಾಕಿದರು. ಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿನೊಳಗೆ ಹೊಕ್ಕರೂ ಕಣ್ಣು ಕೆರಳದೆ ಇದ್ದದ್ದನ್ನು ಅವರು ಗಮನಿಸಿದ್ದರು. ಆ ಕಥೆಯಲ್ಲಿ ನಮಗೆ ಬೇಕಾದ ಮಾತು ಇದೆ. ಶಾಂತವಾದ ಕಣ್ಣು ಪ್ಲಾಸ್ಟಿಕ್ ಚೂರನ್ನೂ ಸಹಿಸುತ್ತದೆ. ಕೆರಳಿದ ಕಣ್ಣು ಅತಿ ಒಳ್ಳೆಯ ಲೆನ್ಸನ್ನೂ ಸಹಿಸದೆ ಇರಬಹುದು. ಲೆನ್ಸಿನ ಮೇಲೆ ಕಣಗಳು ಕೂರುತ್ತವೆ, ಪರದೆ ಬೆಳೆಯುತ್ತದೆ. ಕೆಲವೊಮ್ಮೆ ಹಾಕಿದ ಲೆನ್ಸನ್ನು ತೆಗೆಯಬೇಕಾಗುತ್ತದೆ. ಅದಕ್ಕೇ ಬಹಳ ವರ್ಷ "ಸಂಧಿವಾತದ ಮಗುವಿಗೆ ಲೆನ್ಸ್ ಬೇಡವೇ ಬೇಡ" ಎಂಬುದು ಪಾಠವಾಗಿತ್ತು. ಮೆಥೊಟ್ರೆಕ್ಸೇಟ್, ಅಡಾಲಿಮುಮಾಬ್ ಬಂದ ಮೇಲೆ ಆ ಪಾಠ ಸಡಿಲವಾಗಿದೆ. ಚೆನ್ನಾಗಿ ಹತೋಟಿಗೆ ಬಂದ ಮಕ್ಕಳಲ್ಲಿ ಲೆನ್ಸ್ ಹಾಕಿ ಒಳ್ಳೆಯ ಫಲ ಬಂದಿದೆ.

ಹಾಕದಿದ್ದರೆ ಏನು ಕಷ್ಟ ಎಂಬುದನ್ನೂ ನೋಡಬೇಕು. ಎರಡೂ ಕಣ್ಣಿನ ಪೊರೆ ತೆಗೆದಿದ್ದರೆ ದಪ್ಪ ಕನ್ನಡಕದಲ್ಲಿ ಮಗು ಹೇಗೋ ಹೊಂದಿಕೊಳ್ಳುತ್ತದೆ. ನಿಮ್ಮ ಮಗಳದ್ದು ಒಂದೇ ಕಣ್ಣು. ಆ ದಪ್ಪ ಗಾಜು ಚಿತ್ರವನ್ನು ಸುಮಾರು ಕಾಲು ಭಾಗ ದೊಡ್ಡದು ಮಾಡಿ ತೋರಿಸುತ್ತದೆ. ಬಲಗಣ್ಣಿಗೆ ಬಸ್ ಒಂದು ಅಳತೆ, ಎಡಗಣ್ಣಿಗೆ ಇನ್ನೊಂದು. ಮೆದುಳು ಎರಡನ್ನೂ ಸೇರಿಸಲಾಗದೆ ಎಡಗಣ್ಣನ್ನೇ ಕೈಬಿಡುತ್ತದೆ. ಆದ್ದರಿಂದ ಒಂದು ಕಣ್ಣಿನವರಿಗೆ ಲೆನ್ಸ್ ಹಾಕದಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಬೇಕು. ದಿನಾ ತೆಗೆದು, ತೊಳೆದು, ಹಾಕಬೇಕು. ಧೂಳು, ಹೊಲ, ಬೋರ್‌ವೆಲ್ ನೀರು, ಹುಣ್ಣಿನ ಭಯ. ಮಾಡುವ ಮನೆಗಳು ಇವೆ, ಆದರೆ ಅದು ಸಣ್ಣ ಕೆಲಸ ಅಂತ ನಾನು ಹೇಳಲಾರೆ.

ನಿಮ್ಮ ಮಗಳ ಕಣ್ಣನ್ನು ನೋಡದೆ ಕೊನೆಯ ಮಾತು ಹೇಳುವುದು ತಪ್ಪು. ನನ್ನ ಒಲವು ಹೇಳುತ್ತೇನೆ. ಮೂರು ತಿಂಗಳು ಕಣ ಇಲ್ಲದೆ, ದಿನಕ್ಕೆ ಎರಡು ಹನಿಯೊಳಗೆ ಕಣ್ಣು ಶಾಂತವಾಗಿದ್ದರೆ, ಪ್ರೆಶರ್ ಸರಿ ಇದ್ದರೆ, ನಾನು ಚೀಲದೊಳಗೇ ಲೆನ್ಸ್ ಇಡುತ್ತೇನೆ. ಏಳು ವರ್ಷಕ್ಕೆ ಕಣ್ಣು ಬಹುಪಾಲು ಬೆಳೆದಿರುತ್ತದೆ, ಪವರ್ ಲೆಕ್ಕವೂ ಹೆಚ್ಚು ತಪ್ಪುವುದಿಲ್ಲ. ಹನಿ ಇಳಿಸಿದ ಕೂಡಲೇ ಕೆರಳುವ ಕಣ್ಣಾದರೆ, ಪ್ರೆಶರ್ ಕುಸಿದ ಕಣ್ಣಾದರೆ, ಹಾಕುವುದಿಲ್ಲ. ವರ್ಷಗಳ ಮೇಲೆ ಕಣ್ಣು ಪೂರ್ತಿ ತಣ್ಣಗಾದಾಗ ಇನ್ನೊಂದು ಆಪರೇಷನ್‌ನಲ್ಲಿ ಲೆನ್ಸ್ ಹಾಕುವ ದಾರಿ ತೆರೆದೇ ಇರುತ್ತದೆ. ನಿಮ್ಮ ಡಾಕ್ಟರು "ಆಮೇಲೆ ನೋಡೋಣ" ಅಂದದ್ದು ಜಾರಿಕೊಳ್ಳುವ ಮಾತಲ್ಲ. ಆ ಮೂರು ತಿಂಗಳ ಅಂಕೆಗಳೇ ಅದನ್ನು ತೀರ್ಮಾನಿಸುವುದು. ಲೆನ್ಸ್ ಹಾಕಿದರೂ ಕನ್ನಡಕ ಪೂರ್ತಿ ತಪ್ಪುವುದಿಲ್ಲ. ಓದಲು ಬೇರೆ ಪವರ್ ಬೇಕು, ಆದ್ದರಿಂದ ಎರಡು ಪವರಿನ ಕನ್ನಡಕ ಕೊಡುತ್ತೇವೆ. ಸೋಡಾಬುಡ್ಡಿಯಷ್ಟು ದಪ್ಪ ಇರುವುದಿಲ್ಲ.

ಮಗುವಿಗೆ ಪೂರ್ತಿ ಮಂಪರು ಕೊಟ್ಟೇ ಮಾಡಬೇಕು. ಅರಿವಳಿಕೆ ಡಾಕ್ಟರಿಗೆ ಸಂಧಿವಾತದ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ. ಈ ಕಾಯಿಲೆ ದವಡೆಯ ಕೀಲಿಗೂ ಕತ್ತಿಗೂ ಬರುತ್ತದೆ. ಬಾಯಿ ಪೂರ್ತಿ ತೆರೆಯದಿದ್ದರೆ, ಕತ್ತು ಹಿಂದಕ್ಕೆ ಬಾಗದಿದ್ದರೆ, ಉಸಿರಿನ ಕೊಳವೆ ಹಾಕುವುದು ಕಷ್ಟ. ಮೊದಲೇ ಗೊತ್ತಿದ್ದರೆ ಅವರು ಸಿದ್ಧರಾಗಿರುತ್ತಾರೆ. ಮನೆಯಲ್ಲೇ ನೋಡಿ, ಅವಳ ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹೋಗುತ್ತವಾ? ಬಾಯಿಗೆ ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನೂ ಹೇಳಿ. ಊಟ, ಹಾಲು, ಬಿಸ್ಕತ್ತು ಆರು ಗಂಟೆ ಮುಂಚೆ ನಿಲ್ಲಬೇಕು. ಹಾಲು ನೀರಿನ ಲೆಕ್ಕಕ್ಕೆ ಬರುವುದಿಲ್ಲ. "ಪಾಪ, ಹಸಿದಿದೆ ಮಗು" ಎಂದು ಕಾರಿಡಾರಿನಲ್ಲಿ ಬಿಸ್ಕತ್ತು ಕೊಟ್ಟ ಅಜ್ಜಿಯರಿಂದ ನನ್ನ ಎಷ್ಟೋ ಆಪರೇಷನ್‌ಗಳು ಮುಂದಕ್ಕೆ ಹೋಗಿವೆ. ಅತ್ತೆಯವರಿಗೆ ಇದೊಂದನ್ನು ವಿಶೇಷವಾಗಿ ಹೇಳಿ.

ಆಪರೇಷನ್ ಹೊತ್ತಿಗೆ ಸ್ಟೀರಾಯ್ಡನ್ನು ಏರಿಸುತ್ತೇವೆ. ಕೆಲವು ದಿನ ಮುಂಚಿನಿಂದ ಬಾಯಿಗೆ, ಅಥವಾ ಟೇಬಲ್ ಮೇಲೆ ರಕ್ತನಾಳಕ್ಕೆ. ಆಮೇಲೆ ಗಂಟೆಗೊಮ್ಮೆ ಹನಿ, ನಿಧಾನವಾಗಿ ಇಳಿಸುವುದು. ಮನೆಯಲ್ಲಿ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಪ್ರೆಡ್ನಿಸೊಲೋನ್ ಡ್ರಾಪ್ಸ್ ಬಾಟಲಿಯಲ್ಲಿ ಔಷಧಿ ತಳಕ್ಕೆ ಕೂರುತ್ತದೆ. ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ ಹಾಕಬೇಕು, ಇಲ್ಲದಿದ್ದರೆ ಮೇಲಿನ ನೀರಷ್ಟೇ ಕಣ್ಣಿಗೆ ಬೀಳುತ್ತದೆ. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ ಬಿಡಿ. ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಪಾಪೆ ಅಂಟದಿರಲಿ ಎಂದು ಅಟ್ರೋಪಿನ್ ಥರದ ಹನಿ ಕೊಡುತ್ತೇವೆ. ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಂಜಾಗುತ್ತದೆ, ಗಾಬರಿ ಬೇಡ. ಮುಖ ಕೆಂಪೇರಿ ಮೈ ಸುಟ್ಟರೆ ಮಾತ್ರ ಆ ಹನಿ ನಿಲ್ಲಿಸಿ ಕೂಡಲೇ ಫೋನ್ ಮಾಡಿ.

ಮಸುಕು, ಕೆಂಪು, ನೋವು, ವಾಂತಿ, ಇವು ಯಾವುದೇ ಬಂದರೂ ಮುಂದಿನ ತಾರೀಖಿಗೆ ಕಾಯಬೇಡಿ. ಪ್ರೆಶರ್ ಏರುವುದು ಮಾತ್ರ ಸದ್ದಿಲ್ಲದೆ, ತಿಂಗಳು ವರ್ಷಗಳ ಮೇಲೆ ಬರಬಹುದು. ಕಣ್ಣು ಚೆನ್ನಾಗಿದೆ ಎಂದು ಬರುವುದನ್ನು ಬಿಟ್ಟವರಲ್ಲೇ ನಾನು ಗ್ಲಾಕೋಮಾ ಜಾಸ್ತಿ ನೋಡಿದ್ದು. ದೃಷ್ಟಿ ತಿರುಗಿ ಬರಲು ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪ್ಯಾಚ್ ಅಂಟಿಸಬೇಕಾಗಬಹುದು. ಮಗು ಕಿತ್ತು ಹಾಕುತ್ತದೆ. ಟಿವಿ ನೋಡುವಾಗ, ಬಣ್ಣ ಹಚ್ಚುವಾಗ ಹಾಕಿ. ಟೀಚರಿಗೆ ಹೇಳಿ ಮುಂದಿನ ಬೆಂಚಿನಲ್ಲಿ ಕೂರಿಸಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಆಪರೇಷನ್ ಮತ್ತು ಇಂಜೆಕ್ಷನ್ ಎರಡರ ಬಗ್ಗೆಯೂ ಬೇರೆ ಬೇರೆ ಕೇಳಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಮಿಂಟೋ, ಎಲ್ಲಿಗೇ ಹೋದರೂ ಕಣ್ಣಿನ ಡಾಕ್ಟರು ಮತ್ತು ಕೀಲಿನ ಡಾಕ್ಟರು ಒಬ್ಬರ ಚೀಟಿಯನ್ನು ಇನ್ನೊಬ್ಬರು ಓದಿರಬೇಕು. ಹಳೇ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಟ್ಟುಕೊಳ್ಳಿ.

ಪತ್ರದಲ್ಲಿ ಬಲಗಣ್ಣಿನ ಬಗ್ಗೆ ಒಂದು ಮಾತೂ ಇಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ಹಿಂದೆಮುಂದೆ ಆಗಬಹುದು ಅಷ್ಟೇ. ಮುಂದಿನ ಸಲ ಹೋದಾಗ ಬಲಗಣ್ಣಿನ ಕಣದ ಅಂಕೆಯನ್ನೂ ಕೇಳಿ ಬರೆಸಿಕೊಳ್ಳಿ. ಆಪರೇಷನ್ ಆಗಿ ಎಡಗಣ್ಣು ಚೆನ್ನಾಗಿ ಕಂಡರೂ ಮೆಥೊಟ್ರೆಕ್ಸೇಟ್ ಮುಂದುವರಿಯಬೇಕು. ಎರಡೂ ಕಣ್ಣು ಎರಡು ವರ್ಷವಾದರೂ ಶಾಂತವಾಗಿದ್ದ ಮೇಲೆ ಅದನ್ನು ಇಳಿಸುವ ಮಾತು. ನಿಲ್ಲಿಸಿದ ಮೇಲೂ ಮೂರು ತಿಂಗಳಿಗೊಮ್ಮೆಯ ತಪಾಸಣೆ ಬಿಡಬೇಡಿ.